ಬಿಡಲು ಬಲ್ಲ ಅಂಟು

ಅಜ್ಜಿಯ ಹಾಡಿನ ಪುಸ್ತಕವನ್ನು ಹಾಳು ಮಾಡಿದವಳು ನಾನೇ.

ಆಗ ನನಗೆ ಹನ್ನೆರಡು ವರ್ಷ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರ ಹಾಡು, ತೊಟ್ಟಿಲ ಹಾಡು ಅಂತ ಅಜ್ಜಿ ತನ್ನ ದುಂಡು ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದ ನೋಟ್‌ಬುಕ್ಕು ಅದು. ಮದುವೆ ಮನೆಯಿಂದ ಮದುವೆ ಮನೆಗೆ, ನಾಮಕರಣದಿಂದ ನಾಮಕರಣಕ್ಕೆ ತಿರುಗಿ ತಿರುಗಿ ಅಂಚೆಲ್ಲ ಹರಿದಿತ್ತು. ಮಡಿಸಿದ ಕಡೆ ಕೆಲವು ಹಾಳೆ ಎರಡು ಹೋಳಾಗಿದ್ದವು. ಬೇಸಿಗೆ ರಜೆಯ ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಹೊಸ ಸೆಲ್ಲೋಟೇಪಿನ ಸುರುಳಿ ಹಿಡಿದು ಕೂತೆ. ಹರಿದ ಕಡೆಯೆಲ್ಲ ಹಚ್ಚಿದೆ, ಹರಿಯಬಹುದು ಅನ್ನಿಸಿದ ಕಡೆಯೂ ಹಚ್ಚಿದೆ. ಅಕ್ಷರದ ಮೇಲೇ ಹಚ್ಚಿದರೂ ಅಕ್ಷರ ಕಾಣುತ್ತಿತ್ತು. ಗಾಜಿನ ಹಾಗೆ ಹೊಳೆಯುತ್ತಿದ್ದ ಆ ಪಟ್ಟಿಗಳನ್ನು ನೋಡಿ ನನಗೆ ಹೆಮ್ಮೆಯೋ ಹೆಮ್ಮೆ. ಅಜ್ಜಿ ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು.

ಅಪ್ಪ ಮಾತ್ರ ಪುಟ ತಿರುವಿ ನೋಡಿ ಸುಮ್ಮನಾದರು. ಅವರು ಮೈಸೂರಿನ ಶಿವರಾಮಪೇಟೆಯಲ್ಲಿ ಬೈಂಡಿಂಗ್ ಅಂಗಡಿ ಇಟ್ಟಿದ್ದವರು. ಊರಿನವರ ಪುಸ್ತಕಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವರಿಗೆ ತಮ್ಮ ತಾಯಿಯ ಪುಸ್ತಕಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ. "ನನ್ನ ಒಂದು ಮಾತು ಕೇಳಬಾರದಿತ್ತೇನೇ ಪುಟ್ಟಿ" ಅಂದರು, ಅಷ್ಟೆ. ಯಾಕೆ ಕೇಳಬೇಕಿತ್ತು ಅನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ.

ಅಜ್ಜಿ ಹೋಗಿ, ಅಪ್ಪನೂ ಹೋದ ಮೇಲೆ, ಅಣ್ಣನ ಮಗಳ ಮದುವೆಗೆ ಹಾಡು ಬೇಕಾಗಿ ಟ್ರಂಕಿನಿಂದ ಆ ಪುಸ್ತಕ ತೆಗೆದೆ. ಟೇಪು ಎಂದೋ ಕಳಚಿ ಒಣಗಿದ ಈರುಳ್ಳಿ ಸಿಪ್ಪೆಯಂತೆ ಪುಟಗಳ ನಡುವೆ ಉದುರಿತ್ತು. ಅದು ಕೂತಿದ್ದ ಜಾಗದಲ್ಲೆಲ್ಲ ಕಂದು ಪಟ್ಟಿಗಳು. ಕಾಗದ ಅಲ್ಲಿ ಎಣ್ಣೆ ಕುಡಿದ ಹಾಗೆ ಪಾರದರ್ಶಕವಾಗಿತ್ತು, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಶಾಯಿ ಹರಡಿ ಕೆಲವು ಸಾಲು ಓದಲಿಕ್ಕೇ ಬರುತ್ತಿರಲಿಲ್ಲ. ನಾನು ಕೈ ಹಾಕದೆ ಬಿಟ್ಟಿದ್ದ ಹರುಕುಗಳು ಮಾತ್ರ ಹರಿದಿದ್ದ ಹಾಗೇ ಇದ್ದವು. ಅವುಗಳ ಒಂದಕ್ಷರವೂ ಹೋಗಿರಲಿಲ್ಲ.

ಅವತ್ತಿನಿಂದ ನನಗೆ ಅಂಟಿನ ಗುಂಗು ಹಿಡಿಯಿತು. ಒಂದು ವಸ್ತು ಇನ್ನೊಂದನ್ನು ಹಿಡಿದುಕೊಳ್ಳುವುದು ಹೇಗೆ, ಹಿಡಿದುಕೊಂಡಿದ್ದನ್ನು ಕೆಡಿಸುವುದು ಹೇಗೆ ಅಂತ ಓದತೊಡಗಿದೆ, ತಿಳಿದವರನ್ನು ಕೇಳತೊಡಗಿದೆ.

ಮೊದಲು ತಿಳಿದುಕೊಂಡದ್ದು ಟೇಪಿನ ಸಂಗತಿ. ಪಾರದರ್ಶಕ ಟೇಪನ್ನು 1930ರಲ್ಲಿ ಅಮೆರಿಕದ 3ಎಂ ಕಂಪನಿಯಲ್ಲಿದ್ದ ರಿಚರ್ಡ್ ಡ್ರೂ ರೂಪಿಸಿದರು. ಆಗಷ್ಟೇ ಬಳಕೆಗೆ ಬರುತ್ತಿದ್ದ ಸೆಲ್ಲೋಫೇನ್ ಹಾಳೆಯ ಒಂದು ಮೈಗೆ ರಬ್ಬರು, ರಾಳ ಬೆರೆಸಿದ ಅಂಟು ಸವರಿದ್ದು. ಮಿಕ್ಕ ಅಂಟುಗಳು ದ್ರವವಾಗಿ ಬಂದು, ಹರಡಿ, ಆಮೇಲೆ ಒಣಗಿ ಗಟ್ಟಿಯಾಗುತ್ತವೆ. ಟೇಪಿನ ಅಂಟು ಒಣಗುವುದೇ ಇಲ್ಲ. ಅದು ಯಾವಾಗಲೂ ಅರೆ ದ್ರವ, ಅರೆ ಘನ. ಅದಕ್ಕೇ ಬೆರಳಲ್ಲಿ ಒತ್ತಿದ ಕೂಡಲೇ ಹಿಡಿಯುತ್ತದೆ, ಅದಕ್ಕೇ ವರ್ಷಗಟ್ಟಲೆ ನಿಧಾನವಾಗಿ ಕಾಗದದ ನಾರಿನೊಳಗೆ ಇಳಿಯುತ್ತಲೂ ಇರುತ್ತದೆ. ಇಳಿದ ರಬ್ಬರು ಗಾಳಿಯಲ್ಲಿರುವ ಆಮ್ಲಜನಕ ತಗುಲಿ ಕೆಡುತ್ತದೆ: ಮೊದಲು ಜಿಡ್ಡು, ಆಮೇಲೆ ಹಳದಿ, ಕೊನೆಗೆ ಕಂದು ಬಣ್ಣದ ಗಟ್ಟಿ ಕಲೆ. ಆ ಹೊತ್ತಿಗೆ ಮೇಲಿನ ಪಟ್ಟಿ ಹಿಡಿತ ಬಿಟ್ಟು ಉದುರಿರುತ್ತದೆ. ಜೋಡಿಸುವ ಕೆಲಸ ನಿಂತುಹೋಗುತ್ತದೆ, ಕಲೆ ಉಳಿಯುತ್ತದೆ. ಪೊಟ್ಟಣ ಕಟ್ಟಲಿಕ್ಕೆ ಇದರಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ. ಉಳಿಯಬೇಕಾದ ಕಾಗದಕ್ಕೆ ಇದನ್ನು ಯಾರೂ ಹಚ್ಚಬಾರದು. ಈ ಮಾತನ್ನು ಯಾರಾದರೂ ನನಗೆ ಹನ್ನೆರಡನೇ ವಯಸ್ಸಿನಲ್ಲೇ ಹೇಳಿದ್ದಿದ್ದರೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಹೇಳಬಲ್ಲವರು ಮನೆಯಲ್ಲೇ ಇದ್ದರು, ನಾನು ಕೇಳಿರಲಿಲ್ಲ.

ಅಪ್ಪನ ಅಂಗಡಿಯ ಅಂಟು ಬೇರೆ ಥರದ್ದು. ಜೂನ್ ತಿಂಗಳಲ್ಲಿ ಸ್ಕೂಲು ಮಕ್ಕಳ ನೋಟ್ಸುಗಳು ರಾಶಿ ಬಿದ್ದಾಗ ಬೆಳಗ್ಗೆ ಆರಕ್ಕೇ ಸ್ಟೋವಿನ ಮೇಲೆ ಪಾತ್ರೆ ಏರುತ್ತಿತ್ತು. ಮೊದಲು ಮೈದಾ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕದಡಬೇಕು. ಬಿಸಿನೀರಿಗೆ ನೇರವಾಗಿ ಹಿಟ್ಟು ಸುರಿದರೆ ಗಂಟಾಗಿ ಹೋಗುತ್ತದೆ, ಗಂಟಿರುವ ಅಂಟು ಪುಸ್ತಕದ ಬೆನ್ನಿನಲ್ಲಿ ಉಬ್ಬಾಗಿ ಕೂತುಬಿಡುತ್ತದೆ. ಕದಡಿದ್ದನ್ನು ಕುದಿಯುವ ನೀರಿಗೆ ಸಣ್ಣ ಧಾರೆಯಾಗಿ ಬಿಡುತ್ತ, ಕೈ ನಿಲ್ಲಿಸದೆ ತಿರುವುತ್ತಿರಬೇಕು. ಸ್ವಲ್ಪ ಹೊತ್ತು ಅದು ಬರೀ ಬಿಳೀ ನೀರು. ಆಮೇಲೆ ಇದ್ದಕ್ಕಿದ್ದಂತೆ ಸೌಟು ಭಾರವಾಗುತ್ತದೆ, ಬಿಳುಪು ಹೋಗಿ ಪಾತ್ರೆಯಲ್ಲಿದ್ದದ್ದೆಲ್ಲ ಮುತ್ತಿನ ಬಣ್ಣಕ್ಕೆ ತಿರುಗುತ್ತದೆ. ಗೋಧಿಯ ಪಿಷ್ಟದ ಕಣಗಳು ಸುಮಾರು 60 ಡಿಗ್ರಿ ದಾಟಿದ ಮೇಲೆ ನೀರು ಕುಡಿದು ಊದಿ ಒಡೆಯುತ್ತವೆ, ಒಳಗೆ ಸುತ್ತಿಕೊಂಡಿದ್ದ ಉದ್ದನೆಯ ಸರಪಳಿಗಳು ಬಿಡಿಸಿಕೊಂಡು ನೀರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತವೆ ಅಂತ ನಾನು ಪುಸ್ತಕದಲ್ಲಿ ಓದಿದೆ. ಅಪ್ಪ ಅದನ್ನು "ಅಂಟು ಕಣ್ಣು ಬಿಡ್ತು" ಅನ್ನುತ್ತಿದ್ದರು. ಕೊನೆಗೆ ಚಿಟಿಕೆ ಮೈಲುತುತ್ತ, ಹುಳ ಜಿರಳೆ ಬರದಿರಲಿ ಅಂತ. ಅದು ಬಿದ್ದ ಕೂಡಲೇ ಅಂಟಿಗೆ ತೆಳು ನೀಲಿ ಛಾಯೆ. ನಮ್ಮನ್ನು ಪಾತ್ರೆಯ ಹತ್ತಿರ ಬಿಡದೆ ಇದ್ದದ್ದು ಆ ವಿಷದ ಭಯಕ್ಕೆ.

ಗೋಡೆಗೆ ಸಿನಿಮಾ ಪೋಸ್ಟರು ಹಚ್ಚುವವರ ಬಕೆಟ್ಟಿನಲ್ಲಿ ಇರುತ್ತಿದ್ದದ್ದೂ ಮೈದಾ ಅಂಟೇ. ರಾತ್ರಿ ಹಚ್ಚಿದ ಪೋಸ್ಟರನ್ನು ಬೆಳಗ್ಗೆ ಬೀದಿ ಹಸುಗಳು ಕಿತ್ತು ತಿನ್ನುತ್ತಿದ್ದವು. ಹಸುವಿಗೆ ರುಚಿಸುತ್ತಿದ್ದದ್ದು ಕಾಗದದ ಬೆನ್ನಿಗಿದ್ದ ಗಂಜಿ. ನಮ್ಮ ಮನೆಗಳಲ್ಲಿ ಅಂಟಿಗೂ ಅಡುಗೆಗೂ ನಡುವೆ ಗೋಡೆಯೇ ಇರಲಿಲ್ಲ ಅನ್ನಬೇಕು. ಲಕೋಟೆ ಅಂಟಿಸಲು ನಾಲ್ಕು ಅಗುಳು ಅನ್ನ, ಗಾಳಿಪಟಕ್ಕೂ ಅದೇ. ಅನ್ನ ಸಿಗದ ಹೊತ್ತಿನಲ್ಲಿ ಹಿತ್ತಲಿನ ಚಳ್ಳೆಹಣ್ಣು, ಹಿಸುಕಿದರೆ ಸಾಕು. ಉತ್ತರ ಕರ್ನಾಟಕದ ಬಾಣಂತಿಗೆ ಕೊಡುವ ಅಂಟಿನ ಉಂಡೆಯಲ್ಲಿರುವುದು ಮರದ ಅಂಟು. ಗೋಕಾಕದ, ಅಮೀನಗಡದ ಕರದಂಟಿನ ಹೆಸರಿನೊಳಗೇ ಕರಿದ ಅಂಟು ಕೂತಿದೆ. ತುಪ್ಪದಲ್ಲಿ ಅರಳಿದ ಆ ಹರಳುಗಳನ್ನು ಅಗಿಯುವಾಗ ಹಲ್ಲಿಗೆ ಸ್ವಲ್ಪ ಅಂಟಿಕೊಳ್ಳುತ್ತದಲ್ಲ, ಅದು ನನಗೆ ಬಹಳ ಇಷ್ಟ.

ಅಂಗಡಿಯ ಎದುರಿಗೆ ಒಬ್ಬ ಬಡಗಿಯಿದ್ದರು. ಅವರದ್ದು ಸರೇಸು, ಪ್ರಾಣಿಗಳ ತೊಗಲು, ಎಲುಬು ಕುದಿಸಿ ತೆಗೆದ ಅಂಟು. ಬೆಲ್ಲದ ಚೂರಿನಂತಿರುವ ಹರಳುಗಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸುತ್ತಿದ್ದರು. ವಾಸನೆ ಇಡೀ ಬೀದಿಗೆ. ಬಿಸಿ ಆರುವುದರೊಳಗೆ ಹಚ್ಚಿ ಕೂರಿಸಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ. ದೇಶದ ಬಡಗಿಗಳನ್ನು ಈ ಕುದಿಸುವ ಕಷ್ಟದಿಂದ ಪಾರು ಮಾಡಿದ್ದು ಫೆವಿಕಾಲ್. ಬಲವಂತರಾಯ್ ಪಾರೇಖ್ ಅವರ ಸಂಸ್ಥೆ 1959ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಡಬ್ಬಿ ತೆರೆದರೆ ಕೆಲಸಕ್ಕೆ ತಯಾರು, ವಾಸನೆಯಿಲ್ಲ, ಒಲೆ ಬೇಡ. ಎದುರಿನ ಬಡಗಿ ಅದಕ್ಕೆ ಬದಲಾದ ದಿನ ನಮ್ಮಮ್ಮ ಕಿಟಕಿ ತೆರೆದಿಟ್ಟಳು.

ಅಪ್ಪನ ಅಂಗಡಿಗೂ ಆ ಬಿಳಿ ಅಂಟು ಬಂತು. ಆದರೆ ಅದನ್ನು ಹೊಸ ನೋಟ್‌ಬುಕ್ಕುಗಳಿಗೆ, ರಟ್ಟಿಗೆ, ಬಿಲ್ ಪುಸ್ತಕಗಳಿಗೆ ಮಾತ್ರ ಬಳಸುತ್ತಿದ್ದರು. ಯಾರಾದರೂ ಹಳೆಯ ಭಾರತವನ್ನೋ, ಅಜ್ಜನ ಕಾಲದ ಪಂಚಾಂಗದ ಕಟ್ಟನ್ನೋ ತಂದರೆ ಮತ್ತೆ ಸ್ಟೋವು ಹಚ್ಚಿ ಮೈದಾ ಕುದಿಸುತ್ತಿದ್ದರು. ಕೆಲಸದ ಹುಡುಗ ಗೊಣಗಿದರೆ ಒಂದೇ ಮಾತು: "ಇವತ್ತು ನಾವು ಕಟ್ಟಿದ್ದನ್ನ ನಾಳೆ ಇನ್ನೊಬ್ಬ ಬಿಚ್ಚಬೇಕಾಗತ್ತೆ ಕಣಪ್ಪ. ಅವನಿಗೆ ದಾರಿ ಇಟ್ಟು ಕಟ್ಟಬೇಕು."

ಇದರ ಅರ್ಥ ನನಗೆ ಹೊಳೆದದ್ದು ಹಸ್ತಪ್ರತಿ ಭಂಡಾರವೊಂದರಲ್ಲಿ ಬದುಕಿಡೀ ಕಾಗದ ರಿಪೇರಿ ಮಾಡಿ ನಿವೃತ್ತರಾದ ಹಿರಿಯರೊಬ್ಬರ ಮುಂದೆ ಅಜ್ಜಿಯ ಪುಸ್ತಕ ಹಿಡಿದು ಕೂತಾಗ. ಅವರು ಭೂತಗನ್ನಡಿ ಹಿಡಿದು ಒಂದೊಂದೇ ಪುಟ ನೋಡಿದರು. "ನೋಡಮ್ಮ, ಅಂಟು ಕಾಗದಕ್ಕಿಂತ ಗಟ್ಟಿ ಇರಬಾರದು" ಅಂದರು. ಅಂಟು ಗಟ್ಟಿಯಿದ್ದರೆ ಎಳೆತ ಬಿದ್ದಾಗ ಕಾಗದ ಹರಿಯುತ್ತದೆ. ಅಂಟು ಮೆತ್ತಗಿದ್ದರೆ ಅಂಟೇ ಬಿಟ್ಟುಕೊಂಡು ಕಾಗದ ಉಳಿಯುತ್ತದೆ. ಬಿಟ್ಟದ್ದನ್ನು ಮತ್ತೆ ಹಚ್ಚಬಹುದು. ಪಿಷ್ಟದ ಅಂಟು ಎಷ್ಟು ವರ್ಷವಾಗಿದ್ದರೂ ಸ್ವಲ್ಪ ತೇವ ಕೊಟ್ಟರೆ ಮೆತ್ತಗಾಗಿ ಬಿಡುತ್ತದೆ. ಬಿಳಿ ಅಂಟು ಒಣಗಿ ಗಟ್ಟಿಯಾದ ಮೇಲೆ ನೀರಿಗೆ ಕರಗುವುದಿಲ್ಲ, ಬಿಡಿಸಹೋದರೆ ಕಾಗದದ ಮೈಯನ್ನೂ ಕಿತ್ತುಕೊಂಡೇ ಬರುತ್ತದೆ. ಹಳೆಯ ಕಾಗದ ಉಳಿಸುವವರ ಮೊದಲ ನಿಯಮವೇ ಇದಂತೆ: ಬಿಚ್ಚಲಾಗದ್ದನ್ನು ಹಚ್ಚಬೇಡ.

ನಾನು ಅಪ್ಪನ ಮೈಲುತುತ್ತದ ಬಗ್ಗೆ ಕೇಳಿದೆ. ಹುಳ ಬರುವುದಿಲ್ಲ ನಿಜ, ಆದರೆ ತಾಮ್ರದ ಅಂಶ ಕಾಗದವನ್ನೇ ನಿಧಾನವಾಗಿ ಕೆಡಿಸುತ್ತದೆ, ಈಗ ಹಾಕುವುದಿಲ್ಲ ಅಂದರು. ಅಪ್ಪನ ಅಂಟಿನಲ್ಲೂ ತಪ್ಪಿತ್ತೆಂದು ಕೇಳಿ ಒಂದು ಕ್ಷಣ ಮನಸ್ಸಿಗೆ ಹೇಗೋ ಆಯಿತು. ಅವರಿಗೆ ಅದು ಗೊತ್ತಾಗಿದ್ದರೆ ಅವತ್ತೇ ಬಿಟ್ಟುಬಿಡುತ್ತಿದ್ದರು. ಅಷ್ಟು ನನಗೆ ಗೊತ್ತು.

ಬಿಚ್ಚಲಾಗದ್ದನ್ನು ಹಚ್ಚಬೇಡ ಅನ್ನುವ ಆ ಒಂದು ಮಾತು ಹಿಡಿದುಕೊಂಡು ನೋಡತೊಡಗಿದ ಮೇಲೆ ಎಲ್ಲ ಕಡೆಯೂ ಅದೇ ಕಾಣಿಸಿತು. ವೀಣೆಯ 24 ಹಿತ್ತಾಳೆ ಮೆಟ್ಟಿಲುಗಳನ್ನು ಕೂರಿಸುವುದು ಮೊಳೆ ಹೊಡೆದಲ್ಲ, ಮಸಿ ಬೆರೆಸಿದ ಜೇನುಮೇಣದ ಮೇಲೆ. ವರ್ಷಗಳು ಕಳೆದು ಮೇಣ ಸರಿದು ಶ್ರುತಿ ಕೆಟ್ಟರೆ, ಮೇಣ ಕರಗಿಸಿ ಒಂದೊಂದೇ ಸ್ವರ ಕೇಳಿಕೊಂಡು ಮತ್ತೆ ಮೇಳ ಕಟ್ಟುತ್ತಾರೆ. ಮೆಟ್ಟಿಲು ಬಿಡುವಂತಿರುವುದರಿಂದಲೇ ವೀಣೆಗೆ ಅಷ್ಟು ಆಯುಷ್ಯ. ಮೃದಂಗದ ಎಡಭಾಗಕ್ಕೆ ರವೆ ಕಲಸಿ ಹಚ್ಚುವುದು ಕಛೇರಿಗೆ ಮುಂಚೆ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಒಂದು ಸಂಜೆಯ ಮಟ್ಟಿಗೆ ಬೇಕಾದ ಅಂಟು ಅದು. ಅಕ್ಕಸಾಲಿ ಚಿಕ್ಕ ಒಡವೆಯನ್ನು ಕೆತ್ತಬೇಕಾದರೆ ಬಿಸಿ ಅರಗಿನ ಮೇಲೆ ಕೂರಿಸುತ್ತಾನೆ. ಆರಿದಾಗ ಅರಗು ಕಲ್ಲಿನ ಹಾಗೆ ಹಿಡಿದಿರುತ್ತದೆ. ಕೆತ್ತನೆ ಮುಗಿಸಿ ಮತ್ತೆ ಬಿಸಿ ಮುಟ್ಟಿಸಿದರೆ ಒಡವೆ ಕೈಗೆ ಬರುತ್ತದೆ. ಎದುರಿನ ಬಡಗಿ ಬಿಟ್ಟುಬಿಟ್ಟ ಸರೇಸಿನ ಜಾತಿಯ ಅಂಟನ್ನೇ ಪಿಟೀಲು ಮಾಡುವವರು ಇಂದಿಗೂ ಬಳಸುತ್ತಾರೆ. ಬಿಸಿನೀರು, ತೆಳು ಚಾಕು ಇದ್ದರೆ ನೂರಾರು ವರ್ಷದ ಪಿಟೀಲಿನ ಹೊಟ್ಟೆಯನ್ನು ಬಿಚ್ಚಿ, ಒಳಗಿನ ಬಿರುಕು ಸರಿಮಾಡಿ, ಮತ್ತೆ ಮುಚ್ಚಬಹುದು. ಚಿಕ್ಕಂದಿನಲ್ಲಿ ಅಂಚೆಚೀಟಿ ಕೂಡಿಸುತ್ತಿದ್ದ ನನಗೆ ಇದು ಮೊದಲೇ ಗೊತ್ತಿರಬೇಕಿತ್ತು. ಬಟ್ಟಲು ನೀರಲ್ಲಿ ಲಕೋಟೆಯ ತುಂಡನ್ನು ಬಿಟ್ಟರೆ ಹತ್ತೇ ನಿಮಿಷದಲ್ಲಿ ಗೋಂದು ಕರಗಿ ಚೀಟಿ ತಾನೇ ತೇಲುತ್ತಿತ್ತಲ್ಲ!

ಎಲ್ಲ ಅಂಟೂ ಬಿಡುವಂತಿರಬೇಕು ಅಂತ ನಾನು ಹೇಳುತ್ತಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಯ ಕೈಕಾಲು ಜೋಡಿಸುವುದು ಹುಣಸೆ ಬೀಜದ ಅಂಟಿನಲ್ಲಿ. ಸೆಣಬಿನ ಚಿಂದಿಯನ್ನು ಪುಡಿಮಾಡಿ, ಮರದ ಹೊಟ್ಟು, ಅದೇ ಅಂಟು ಬೆರೆಸಿ ಕಿಟ್ಟ ಮಾಡಿ ಮೈತುಂಬ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ಚೂರು, ಅದರ ಮೇಲೆ ಕಲ್ಲುಪುಡಿಯ ಲೇಪ, ಆಮೇಲೆ ಬಣ್ಣ. ಆ ಗರುಡನ ರೆಕ್ಕೆ ಕಳಚಿ ಬರಲಿ ಅಂತ ಯಾರೂ ಬಯಸುವುದಿಲ್ಲ. ಅದೇ ಹುಣಸೆ ಬೀಜ ಚಳ್ಳಕೆರೆ ಕಡೆಯ ಕಂಬಳಿ ನೇಕಾರರ ಕೈಯಲ್ಲಿ ಇನ್ನೊಂದು ಕೆಲಸ ಮಾಡುತ್ತದೆ. ಉಣ್ಣೆಯ ಹಾಸುನೂಲನ್ನು ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಬೀಜ ಅರೆದು ಬೇಯಿಸಿದ ಸರಿಯನ್ನು ಸವರುತ್ತಾರೆ. ಎದ್ದು ನಿಂತ ನವಿರೆಲ್ಲ ಎಳೆಗೆ ಅಂಟಿ ಮಲಗುತ್ತದೆ, ಮಗ್ಗದಲ್ಲಿ ನೂಲು ತುಂಡಾಗುವುದಿಲ್ಲ. ನಾವು ಸಾರಿಗೆ ರಸ ಹಿಂಡಿ ಎಸೆಯುವ ಬೀಜ ಅದು.

ಹಿಡಿಯುವುದರ ಗುಟ್ಟು ಮಾತ್ರ ಎಲ್ಲ ಕಡೆ ಒಂದೇ. ಎರಡು ಹಲಗೆಗಳನ್ನು ಎಷ್ಟೇ ನುಣ್ಣಗೆ ಉಜ್ಜಿದರೂ ಸೂಕ್ಷ್ಮದರ್ಶಕದಲ್ಲಿ ಅವು ಬೆಟ್ಟಗುಡ್ಡ. ಒಂದರ ಮೇಲೊಂದಿಟ್ಟರೆ ತುದಿಗಳಷ್ಟೇ ತಾಕುತ್ತವೆ, ಮಿಕ್ಕದ್ದೆಲ್ಲ ಗಾಳಿ. ಕಣಕಣಗಳ ನಡುವಿನ ಸೆಳೆತ ಬಹಳ ಹತ್ತಿರ ಬಂದರೆ ಮಾತ್ರ ಕೆಲಸ ಮಾಡುತ್ತದೆ. ಅಂಟು ದ್ರವವಾಗಿ ಹರಿದು ಆ ಕಣಿವೆಗಳನ್ನೆಲ್ಲ ತುಂಬಿ ಎರಡೂ ಕಡೆಗೆ ತಾಗಿ ನಿಲ್ಲುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಅಪ್ಪ ಧೂಳು ಒರೆಸದೆ ಅಂಟು ಹಚ್ಚಿದವನನ್ನು ಬೈಯುತ್ತಿದ್ದರು. ಧೂಳಿಗೆ ಅಂಟು ಹಿಡಿಯುತ್ತದೆ, ಧೂಳು ಕಾಗದವನ್ನು ಹಿಡಿಯುವುದಿಲ್ಲ.

ಮನುಷ್ಯ ಇದನ್ನು ಕಂಡುಕೊಂಡದ್ದು ಇವತ್ತು ನಿನ್ನೆಯಲ್ಲ. ಇಟಲಿಯ ಕಂಪಿಟೆಲ್ಲೊ ಎಂಬಲ್ಲಿ ಸಿಕ್ಕ ಕಲ್ಲಿನ ಚಕ್ಕೆಗಳ ಮೇಲೆ ಬರ್ಚ್ ಮರದ ತೊಗಟೆಯಿಂದ ತೆಗೆದ ಡಾಂಬರು ಮೆತ್ತಿಕೊಂಡಿದೆ. ಅದಕ್ಕೆ ಸುಮಾರು 2 ಲಕ್ಷ ವರ್ಷ. ನಮ್ಮ ಜಾತಿಯ ಮನುಷ್ಯರಲ್ಲ, ನಿಯಾಂಡರ್ತಲರು ಮಾಡಿದ್ದು. ಕಲ್ಲಿಗೆ ಹಿಡಿ ಕೂರಿಸಲು ತೊಗಟೆ ಸುಟ್ಟು ಕಾದು ಕೂತ ಯಾರೋ ಒಬ್ಬರ ತಾಳ್ಮೆಯನ್ನು ನೆನೆದರೆ ಮೈ ಝುಮ್ಮೆನ್ನುತ್ತದೆ.

ಪುಸ್ತಕದ ಕೆಲಸಕ್ಕೆ ಮೂರು ತಿಂಗಳು ಹಿಡಿಯಿತು. ಆ ಹಿರಿಯರು ಅಂಟನ್ನು ಹೇಗೆ ಮಾಡಬೇಕೆಂದು ಹೇಳಿದಾಗ ನನಗೆ ನಗು ಬಂತು. ಗೋಧಿಯಿಂದ ಜಿಗುಟು ತೆಗೆದುಹಾಕಿ ಬರೀ ಪಿಷ್ಟ ಉಳಿಸಿಕೊಳ್ಳಬೇಕು. ಅಮ್ಮ ಹಲ್ವಕ್ಕೆ ಗೋಧಿ ನೆನೆಸಿ, ರುಬ್ಬಿ, ಹಿಂಡಿ, ಹಾಲನ್ನು ತಿಳಿಯಾಗಲು ಬಿಡುತ್ತಿದ್ದಳಲ್ಲ, ಅದೇ! ತಳದಲ್ಲಿ ಕೂತ ಬಿಳೀ ಗಸಿಯನ್ನು ಬೇಯಿಸಿ, ಆರಿಸಿ, ಸಣ್ಣ ಜರಡಿಯಲ್ಲಿ ಎರಡು ಮೂರು ಸಲ ಸೋಸಿದರೆ ಬೆಣ್ಣೆಯಂಥ ಅಂಟು. ಸಕ್ಕರೆ ತುಪ್ಪ ಹಾಕಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಅದಕ್ಕೂ ಮೊದಲು ಟೇಪಿನ ಪಾಪ ತೊಳೆಯಬೇಕಿತ್ತು. ಉಳಿದಿದ್ದ ಪಟ್ಟಿಗಳನ್ನು ಬೆಚ್ಚಗಿನ ತೆಳು ಅಲಗಿನಿಂದ ಕೂದಲೆಳೆಯಷ್ಟೇ ಎತ್ತೆತ್ತಿ ಬಿಡಿಸಿದರು. ಜಿಡ್ಡು ಇನ್ನೂ ಮೆತ್ತಗಿದ್ದ ಕಡೆ ರಬ್ಬರಿನ ತುಂಡಿನಲ್ಲಿ ಉರುಳಿಸಿ ತೆಗೆದರು. ಕಂದು ಕಲೆಗೆ ದ್ರಾವಕ ಹಾಕಬಹುದಿತ್ತು, ಆದರೆ ಅಜ್ಜಿಯದು ಮಸಿಪೆನ್ನಿನ ನೀಲಿ ಶಾಯಿ. ಮೂಲೆಯ ಒಂದು ಚುಕ್ಕೆಯ ಮೇಲೆ ಹನಿ ಮುಟ್ಟಿಸಿ ನೋಡಿದರು, ಶಾಯಿ ಹರಿಯಿತು. "ಕಲೆ ಇರಲಿ ಬಿಡಮ್ಮ. ಕಲೆ ತೆಗೆಯೋಕೆ ಹೋಗಿ ಅಕ್ಷರ ಕಳ್ಕೊಳ್ಳೋದು ಬೇಡ" ಅಂದರು.

ಹರುಕುಗಳ ಜೋಡಣೆ ನನ್ನ ಕೈಯಲ್ಲೇ ಮಾಡಿಸಿದರು. ಜಪಾನಿನ ಕೋಜೊ ನಾರಿನ ತೆಳು ಕಾಗದವನ್ನು ಕತ್ತರಿಸಬಾರದು, ನೀರಿನ ಗೆರೆ ಎಳೆದು ಹರಿಯಬೇಕು. ಆಗ ಅಂಚಿನಲ್ಲಿ ನಾರುಗಳು ರೆಪ್ಪೆಯ ಹಾಗೆ ಚಾಚಿಕೊಳ್ಳುತ್ತವೆ, ಆ ರೆಪ್ಪೆಗಳೇ ಹಳೆಯ ಕಾಗದವನ್ನು ಹಿಡಿಯುವುದು. ಅಂಟು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಕುಂಚವನ್ನು ಬಟ್ಟೆಗೆ ಒರೆಸಿ ಬಹುಪಾಲು ಒಣಗಿದ ಮೇಲೆಯೇ ಮುಟ್ಟಿಸಬೇಕು, ಇಲ್ಲದಿದ್ದರೆ ಶಾಯಿ ಎದ್ದುಬರುತ್ತದೆ. ಆಮೇಲೆ ಹೀರುಕಾಗದ, ಅದರ ಮೇಲೆ ತೂಕ. ನಾನು ತೂಕಕ್ಕೆ ಇಟ್ಟದ್ದು ಅಪ್ಪನ ಅಂಗಡಿಯ ಕಬ್ಬಿಣದ ಗಟ್ಟಿಗಳನ್ನು. ಅಂಗಡಿ ಮುಚ್ಚಿದಾಗ ಕಟಿಂಗ್ ಮಷೀನು, ಪ್ರೆಸ್ಸು ಎಲ್ಲ ಮಾರಿದ್ದರೂ ಇವನ್ನು ಯಾಕೋ ಇಟ್ಟುಕೊಂಡಿದ್ದೆವು. ಮಾರನೇ ಬೆಳಗ್ಗೆ ತೂಕ ಸರಿಸಿ ನೋಡಿದರೆ, ಬೆಳಕಿಗೆ ಹಿಡಿಯದೆ ಜೋಡಣೆಯೇ ಕಾಣುತ್ತಿರಲಿಲ್ಲ.

ಕೊನೆಗೆ ಬೆನ್ನಿನ ಹೊಲಿಗೆಯನ್ನು ಅಪ್ಪನ ದಬ್ಬಳದಲ್ಲೇ ಹಾಕಿದೆ. ಅದಕ್ಕೆ ಅಂಟು ಬೇಡ, ದಾರ ಸಾಕು. ಓಲೆಗರಿಯ ಕಟ್ಟುಗಳು ಶತಮಾನಗಳನ್ನು ಕಳೆದದ್ದೂ ಒಂದು ತೂತು, ಒಂದು ದಾರದ ಮೇಲೆ.

ಒಂದು ಹಸೆಹಾಡಿನ ನಡುವಿನ ಮೂರು ಸಾಲು ಮಾತ್ರ ಹೋದದ್ದು ಹೋಯಿತು. ಆ ಜಾಗದಲ್ಲಿ ಕಂದು ಪಟ್ಟಿ, ಅದರೊಳಗೆ ನೀಲಿ ಮಸುಕು. ಮದುವೆಗೆ ವಾರವಿರುವಾಗ ದೊಡ್ಡತ್ತೆ ಬಂದರು. ಅಜ್ಜಿಯ ಹಿರಿಮಗಳು, ಈಗ ಎಂಬತ್ತು ದಾಟಿದೆ. ಪುಸ್ತಕವನ್ನು ಅವರ ಮಡಿಲಲ್ಲಿಟ್ಟು ನಾನು ಮಾಡಿದ್ದನ್ನೆಲ್ಲ ಹೇಳಿದೆ, ಹನ್ನೆರಡನೇ ವರ್ಷದಿಂದ ಹಿಡಿದು. ಅವರು ಕಲೆಯ ಮೇಲೆ ಬೆರಳಾಡಿಸಿ, ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

"ಇದಕ್ಯಾಕೆ ಪುಟ್ಟಿ ಕಣ್ಣೀರು? ಬರ್ಕೋ" ಅಂದು ಮೊದಲ ಸಾಲಿನಿಂದ ಹಾಡತೊಡಗಿದರು. ಹಾಳೆ ಕೆಟ್ಟಿದ್ದ ಜಾಗ ಬಂದಾಗ ಅವರ ದನಿ ಎಲ್ಲೂ ನಿಲ್ಲಲಿಲ್ಲ. ನಾನು ಆ ಮೂರು ಸಾಲನ್ನು ಬೇರೆ ಚೀಟಿಯಲ್ಲಿ ಬರೆದುಕೊಂಡೆ. ಅಂಟಿನ ಬಟ್ಟಲು ಅಲ್ಲೇ ಇತ್ತು, ಕುಂಚವೂ ಒದ್ದೆಯಿತ್ತು. ಚೀಟಿಯನ್ನು ಅಂಟಿಸಲಿಲ್ಲ. ಆ ಪುಟದ ನಡುವೆ ಸುಮ್ಮನೆ ಇಟ್ಟು ಪುಸ್ತಕ ಮುಚ್ಚಿದೆ.